ತುಂಗಭದ್ರೆಯ ಮೀನುಗಳೂ ನಮ್ಮ ಕೋಶಗಳೂ

ಕನ್ನಡ ನಿಘಂಟುಗಳಲ್ಲಿ ಮೀನಿನ ಹೆಸರೊಂದನ್ನು ಅರಸಿದವರಿಗೆ ಅದರ ಇದಿರಿನಲ್ಲಿ ಬಹುಮಟ್ಟಿಗೆ ದೊರೆಯತಕ್ಕ ಅರ್ಥವು ‘ಒಂದು ಜಾತಿಯ ಮೀನು’ ಎಂಬುದೇ ಆಗಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಮಹಾಶಯರ ಕೋಶದಲ್ಲಿ ಇಂಗ್ಲಿಷಿನಿಂದ ಹೇಳಿದ ಮಾತನ್ನೇ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕನ್ನಡದಿಂದ ಹೇಳುತ್ತದೆ. ಆ ಕೋಶಕಾರರ ವಿದ್ವತ್ತನ್ನೂ ಶ್ರಮವನ್ನೂ ಬಲ್ಲವರಾರೂ ಇದನ್ನು ಅಲಕ್ಷ್ಯವೆಂದು ಎಣಿಸಲಾರರು. ಪ್ರಯೋಗವನ್ನು ನೋಡಿ ಅರ್ಥವನ್ನು ನಿರ್ಣಯಿಸುವುದು ಕೋಶಕಾರನ ಧರ್ಮ. ಕಾವ್ಯದಲ್ಲಿಯೂ ಶಾಸನದಲ್ಲಿಯೂ ಪ್ರಯೋಗವೇ ವಿರಳವಾಗಿರುವ ಪದಕ್ಕೆ ಆತನು ಇನ್ನೇನನ್ನು ತಾನೆ ಬರೆದಾನು? ಆದರೂ ಅರ್ಥವೆಂಬುದು ಒಂದು ವಸ್ತುವನ್ನು ಅದರ ನೆರೆಯ ವಸ್ತುವಿನಿಂದ ಬೇರ್ಪಡಿಸಿ ತೋರಿಸಬೇಕಷ್ಟೆ. ಬಾಳೆಮೀನಿಗೂ ಹರಗಿಗೂ ಗೆಂಡೆಗೂ ಹಾವುಮೀನಿಗೂ ಒಂದೇ ಅರ್ಥವನ್ನು ಬರೆದಲ್ಲಿ ಪದವು ಉಳಿದು ಪದಾರ್ಥವು ಜಾರಿಹೋಗುತ್ತದೆ.

ತುಂಗಭದ್ರೆಯ ಮಟ್ಟಿಗೆ ಈ ಜಾರುವಿಕೆಯು ಕೋಶದ ಪುಟಗಳಲ್ಲಿ ನಡೆದಂತೆಯೇ ನೀರಿನಲ್ಲಿಯೂ ನಡೆದಿದೆ. ನೀರಾವರಿಗಾಗಿ ಕಟ್ಟಿದ ಕಟ್ಟಡಗಳಿಂದ ಹೊಳೆಯ ಮೀನಿನ ನೆಲೆಯು ಕೆಟ್ಟಿತೆಂಬುದನ್ನು ಜಲಜೀವಶಾಸ್ತ್ರಜ್ಞರು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಇಲ್ಲಿ ಪುನರುಕ್ತಿ ಮಾಡುವುದು ನಮ್ಮ ಉದ್ದೇಶವಲ್ಲ. ಕನ್ನಡ ವಾಙ್ಮಯವು ಈ ನದಿಯ ಮೀನನ್ನು ಹೇಗೆ ಕಂಡಿತು, ಎಲ್ಲಿ ಕಾಣದೆ ಹೋಯಿತು, ಹಾಗೆ ಕಾಣದೆ ಹೋದುದರಿಂದ ಇಂದು ನಷ್ಟದ ಪ್ರಮಾಣವನ್ನು ನಮ್ಮ ಮಾತಿನಲ್ಲಿ ಹೇಳಿಕೊಳ್ಳುವುದು ಏಕೆ ಕಷ್ಟವಾಗಿದೆ ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಚಾರಕ್ಕೆ ಒಂದು ನೆಲೆಯಿರಲೆಂದು ಕೆಂಚನಗುಡ್ಡದ ಹೊಳೆಯನ್ನು ಆರಿಸಿಕೊಂಡಿದ್ದೇವೆ.

ಕೆಂಚನಗುಡ್ಡವು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಗ್ರಾಮ. ಗಂಗಾಧರೇಶ್ವರನ ಗುಡಿಯಿಂದಲೂ, ಹದಿನೆಂಟನೆಯ ಶತಮಾನದ ಮಾಧ್ವಯತಿಗಳಾದ ವಸುಧೇಂದ್ರತೀರ್ಥರ ಬೃಂದಾವನದಿಂದಲೂ ಅದಕ್ಕೆ ಪ್ರಸಿದ್ಧಿ. ಸಿರುಗುಪ್ಪದ ಬಳಿ ನದಿಯು ಕವಲೊಡೆದು ದೇಶನೂರಿನ ದ್ವೀಪವನ್ನು ಬಳಸಿಕೊಂಡು ಹರಿಯುತ್ತದೆ. ವಿಜಯನಗರದ ಕಾಲದಿಂದ ನಡೆದುಬಂದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳಿಗೆ ನೀರನ್ನು ತಿರುಗಿಸುವ ಅಡ್ಡಗಟ್ಟೆಗಳು ಈ ಸೀಮೆಯವೇ. 1800ರಿಂದ ಮುಂದೆ ಒಂದೂವರೆ ಶತಮಾನ ಈ ದಂಡೆಯು ಮದರಾಸು ಆಧಿಪತ್ಯಕ್ಕೂ ಇದಿರುದಂಡೆಯು ನಿಜಾಮರ ಸಂಸ್ಥಾನಕ್ಕೂ ಸೇರಿದ್ದುವು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ರಾಯಚೂರೂ ಮೈಸೂರನ್ನು ಕೂಡಿಕೊಂಡುವು. ಒಂದೇ ಹೊಳೆಯ ಮೀನು ಅಷ್ಟು ಕಾಲ ಎರಡು ಸರಕಾರಗಳ ಕಡತಗಳಲ್ಲಿ ಹಂಚಿಹೋಗಿತ್ತೆಂಬುದನ್ನು ನೆನಪಿನಲ್ಲಿಡಬೇಕು.

ಇದೇ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಕಿರುಶಾಸನಗಳು ದೊರೆತಿವೆ. ಮೀನಿನ ವಿಷಯದಲ್ಲಿ ಭರತಖಂಡದ ಅತಿ ಪ್ರಾಚೀನ ರಾಜಾಜ್ಞೆಗಳಲ್ಲೊಂದು ಅಶೋಕನದೇ. ಆತನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಮೀನುಗಳನ್ನು ಹೆಸರಿಸಿ ಕೊಲ್ಲಕೂಡದೆಂದೂ, ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ತಿಥಿಗಳನ್ನು ಎಣಿಸಿ ಆ ದಿನಗಳಲ್ಲಿ ಮೀನನ್ನು ಮಾರಕೂಡದೆಂದೂ ವಿಧಿಸಿದೆ. ಆ ಶಾಸನವಿರುವುದು ಉತ್ತರದೇಶದ ಕಂಬಗಳ ಮೇಲೆ. ತುಂಗಭದ್ರೆಯ ಬಂಡೆಗಳ ಮೇಲೆ ಆತನು ಕೆತ್ತಿಸಿದುದು ಧರ್ಮದ ಉಪದೇಶವನ್ನು. ಆದುದರಿಂದ ಮೀನಿನ ಆಜ್ಞೆಯು ನಮ್ಮ ಹೊಳೆಗೆ ಬರಲಿಲ್ಲವೆಂದೇ ಹೇಳಬೇಕು. ಆದರೆ ಆ ಆಜ್ಞೆಯ ರೀತಿಯನ್ನು ಗಮನಿಸುವುದು ಯುಕ್ತ. ಅದು ಮೀನನ್ನು ಸಾಮಾನ್ಯನಾಮದಿಂದ ಕರೆದು ಬಿಟ್ಟುಬಿಡದೆ, ಇಂತಿಂಥ ಮೀನೆಂದು ಹೆಸರು ಹಿಡಿದು ಹೇಳುತ್ತದೆ. ಹೆಸರಿಲ್ಲದ ಪ್ರಾಣಿಗೆ ರಕ್ಷಣೆಯನ್ನು ವಿಧಿಸುವುದು ಯಾವ ಅರಸನಿಗೂ ಸಾಧ್ಯವಾಗದು.

ಇನ್ನು ಕಾವ್ಯದ ಮಾತು. ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ಪುರ, ಸಮುದ್ರ, ಪರ್ವತ, ಋತು, ಚಂದ್ರಾರ್ಕೋದಯ, ಉದ್ಯಾನ, ಜಲಕ್ರೀಡೆ ಇತ್ಯಾದಿಗಳು ಬರುತ್ತವೆ. ನದಿಯು ಬರುವುದಿಲ್ಲ! ನಮ್ಮ ಕವಿಗಳು ಅಷ್ಟಾದಶವರ್ಣನೆಗಳ ಈ ಸಂಪ್ರದಾಯವನ್ನು ತಲೆಯಲ್ಲಿ ಹೊತ್ತು ನಡೆದವರು. ನದಿಯು ಅವರಲ್ಲಿ ಬಂದಾಗಲೂ ತೀರ್ಥವಾಗಿ, ದೇಶದ ಎಲ್ಲೆಯಾಗಿ ಅಥವಾ ಜಲಕ್ರೀಡೆಯ ರಂಗವಾಗಿ ಬರುವುದೇ ಹೆಚ್ಚು. ಮೀನಂತೂ ನಾಯಿಕೆಯ ಕಣ್ಣಾಯಿತು, ಮನ್ಮಥನ ಧ್ವಜವಾಯಿತು, ವಿಷ್ಣುವಿನ ಅವತಾರವಾಯಿತು, ದ್ರೌಪದಿಯ ಸ್ವಯಂವರದಲ್ಲಿ ಯಂತ್ರದ ಗುರಿಯಾಯಿತು. ಈ ನಾಲ್ಕು ಪಾತ್ರಗಳಲ್ಲಿ ಯಾವುದಕ್ಕೂ ಮೀನಿನ ಜಾತಿಯು ಬೇಕಾಗಿಲ್ಲ. ನೀರು ಸಹ ಬೇಕಾಗಿಲ್ಲ. ಅಂಬಿಗರ ಚೌಡಯ್ಯನು ಹೊಳೆಯ ಕಸಬಿನವನೇ. ಆತನ ಹೆಸರನ್ನು ಹೊತ್ತ ಚೌಡಯ್ಯದಾನಪುರವಿರುವುದೂ ತುಂಗಭದ್ರೆಯ ದಂಡೆಯಲ್ಲಿಯೇ. ಆದರೆ ಆತನ ದೋಣಿಯು ದಾಟುವುದು ಭವಸಾಗರವನ್ನು. ಇದು ದೋಷವೆಂದು ನಾವು ಹೇಳುತ್ತಿಲ್ಲ. ರೂಪಕಕ್ಕೆ ವಸ್ತುವು ಎಷ್ಟು ಬೇಕೋ ಅಷ್ಟನ್ನೇ ಕವಿಯು ತೆಗೆದುಕೊಳ್ಳುತ್ತಾನೆ. ಉಳಿದುದನ್ನು ಬಿಡುವ ಸ್ವಾತಂತ್ರ್ಯವು ಆತನಿಗುಂಟು. ಆ ಉಳಿದುದೆಲ್ಲವೂ ಕಾವ್ಯದಲ್ಲಿದೆಯೆಂಬ ನೆಚ್ಚಿಕೆಯಿಂದ ಕಾವ್ಯದಿಂದಲೇ ಕೋಶವನ್ನು ಕಟ್ಟಲು ಹೊರಟವರಿಗೆ ಮಾತ್ರ ಕಷ್ಟವು ಒದಗುತ್ತದೆ.

ಕಾವ್ಯಕ್ಕಿಂತ ಆಡುಮಾತು ಈ ವಿಷಯದಲ್ಲಿ ಹೆಚ್ಚು ಬಲ್ಲುದೆಂಬುದಕ್ಕೆ ಒಂದೇ ಪದವನ್ನು ನಿದರ್ಶನವಾಗಿ ಕೊಡುತ್ತೇವೆ. ತುಂಗೆ ಭದ್ರೆಗಳ ತವರಾದ ಮಲೆನಾಡಿನಲ್ಲಿ ‘ಹತ್ತುಮೀನು’ ಎಂಬ ಮಾತಿದೆ. ಮುಂಗಾರಿನ ಮೊದಲ ಮಳೆಗಳಿಗೆ ಹಳ್ಳಕೊಳ್ಳಗಳು ಕೆಂಪಾಗಿ ತುಂಬಿದಾಗ ಮೀನು ಪ್ರವಾಹಕ್ಕೆ ಇದಿರಾಗಿ, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಬಯಲಿಗೆ ಏರುವುದನ್ನು ಈ ಮಾತು ಹೇಳುತ್ತದೆ. ಏರುವುದೇತಕ್ಕೆ? ಮೊಟ್ಟೆಯಿಡುವುದಕ್ಕೆ. ಹೊಸನೀರಿನಿಂದ ಆಗತಾನೆ ಮುಳುಗಿದ ತೆಳುನೀರಿನ ಜಾಗದಲ್ಲಿ ಮರಿಗಳಿಗೆ ಆಹಾರವು ಹೇರಳ, ದೊಡ್ಡ ಮೀನಿನ ಭಯವು ಕಡಮೆ. ಕಾಲ, ಕಾರಣ, ಮಾರ್ಗ ಈ ಮೂರನ್ನೂ ಒಂದು ಸಮಾಸದಲ್ಲಿ ಅಡಗಿಸಿದ ಈ ಪದಕ್ಕೆ ಸರಿಗಟ್ಟುವ ಪಾರಿಭಾಷಿಕ ಶಬ್ದವನ್ನು ನಮ್ಮ ವಿಜ್ಞಾನ ಲೇಖಕರು ಇನ್ನೂ ಮಾಡಿಕೊಂಡಂತೆ ಕಾಣುವುದಿಲ್ಲ. ‘ಪ್ರಜನನಾರ್ಥ ಪ್ರತಿಪ್ರವಾಹ ವಲಸೆ’ ಎಂದು ಬರೆಯುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಮೇಲು. ನೀರಾವರಿಯ ಕಟ್ಟಡವು ಮೀನಿಗೆ ಏನು ಮಾಡಿತೆಂಬ ಪ್ರಶ್ನೆಗೂ ಉತ್ತರವು ಇದೇ ಪದದಲ್ಲಿದೆ: ಹತ್ತುವ ದಾರಿಯನ್ನು ಅದು ಕಡಿಯಿತು, ಹತ್ತುವ ಹೊತ್ತನ್ನು ಕೆಡಿಸಿತು.

ಶಾಸ್ತ್ರಗ್ರಂಥಗಳಲ್ಲಿ ಅಮರಕೋಶದ ವಾರಿವರ್ಗವು ಮೀನಿನ ಪರ್ಯಾಯಗಳನ್ನೂ ಕೆಲವು ಜಾತಿಗಳನ್ನೂ ಎಣಿಸುತ್ತದೆ. ನಮ್ಮ ಎರಡನೆಯ ನಾಗವರ್ಮ ಮೊದಲಾದ ಕೋಶಕಾರರು ಆ ದಾರಿಯಲ್ಲಿಯೇ ನಡೆದವರು. ಇವೆಲ್ಲವನ್ನೂ ಮೀರಿದ ಗ್ರಂಥವೆಂದರೆ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 1129ರ ಸುಮಾರಿಗೆ ಹುಟ್ಟಿದ ಈ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ವಿನೋದಗಳನ್ನು ಹೇಳುವ ವಿಂಶತಿಯಲ್ಲಿ ಮತ್ಸ್ಯವಿನೋದವೂ ಒಂದು. ಅರಸನು ಅಲ್ಲಿ ಮೂವತ್ತಕ್ಕೆ ಮೇಲ್ಪಟ್ಟ ಮೀನುಗಳನ್ನು ಹೆಸರಿಸಿ, ಸಮುದ್ರದವು ಯಾವುವು ನದಿಯವು ಯಾವುವು, ಶಲ್ಕವುಳ್ಳವು ಯಾವುವು ಇಲ್ಲದವು ಯಾವುವು, ಗಾತ್ರದಲ್ಲಿ ಹಿರಿದಾವುದು ಕಿರಿದಾವುದು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಎಂಥ ಮೇವನ್ನು ಹಾಕಿ ಒಲಿಸಬೇಕು, ಗಾಳವನ್ನೂ ದಾರವನ್ನೂ ಕೋಲನ್ನೂ ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಆತನು ಹೇಳುವ ರೀತಿಯನ್ನು ನೋಡಿದರೆ ದಂಡೆಯ ಮೇಲೆ ಗಾಳ ಹಿಡಿದು ಕುಳಿತ ಅನುಭವಿಯ ಮಾತೆಂದು ತೋರದೆ ಇರದು. ಮೀನಿನ ಮೇವನ್ನು ಬಲ್ಲವನು ಮೀನಿನ ನೆಲೆಯನ್ನು ಬಲ್ಲವನೇ. ಬಂಡೆಯ ಸಂದಿಯಲ್ಲಿರುವುದಕ್ಕೂ ಕೆಸರಿನಲ್ಲಿರುವುದಕ್ಕೂ ಒಂದೇ ಮೇವು ಸಲ್ಲದು.

ಈ ಅಧ್ಯಾಯದ ಹೆಸರುಗಳಲ್ಲಿ ರೋಹಿತ, ಪಾಠೀನ ಮುಂತಾದವು ಸಂಸ್ಕೃತ ಕೋಶಗಳಲ್ಲಿ ಪ್ರಸಿದ್ಧವಾದವು. ಮಿಕ್ಕವುಗಳಲ್ಲಿ ಅನೇಕವನ್ನು ಅಮರನು ಕಂಡವನಲ್ಲ. ಕನ್ನಡ ನಾಡನ್ನಾಳಿದ ಅರಸನು ತನ್ನ ನಾಡಿನ ಬೆಸ್ತರ ಬಾಯಿಂದ ಕೇಳಿದ ಹೆಸರುಗಳಿಗೆ ಸಂಸ್ಕೃತದ ಉಡುಪನ್ನು ತೊಡಿಸಿದನೆಂದು ನಮ್ಮ ಅಭಿಪ್ರಾಯ. ಬರೋಡೆಯ ಪ್ರಾಚ್ಯಗ್ರಂಥಮಾಲೆಯಲ್ಲಿ ಶ್ರೀಗೊಂಡೇಕರರು ಈ ಗ್ರಂಥದ ಸಂಪಾದನೆಯನ್ನು 1925ರಿಂದ ಪ್ರಕಟಿಸತೊಡಗಿದರು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಮತ್ಸ್ಯವಿನೋದದ ಮೀನುಗಳನ್ನು ಗುರುತಿಸುವ ಪ್ರಯತ್ನವನ್ನು ಮಾಡಿದರು. ಅದು ದಾರಿಯನ್ನು ತೆರೆದ ಕೆಲಸ. ಅದಕ್ಕಾಗಿ ಕನ್ನಡಿಗರು ಅವರಿಗೆ ಋಣಿಗಳು. ಆದರೆ ಅವರು ಪಂಜಾಬಿನಲ್ಲಿ ಹುಟ್ಟಿ ಕಲ್ಕತ್ತೆಯಲ್ಲಿ ಕೆಲಸ ಮಾಡಿದವರು. ಶಬ್ದದ ಕನ್ನಡ ಮೂಲವನ್ನು ಹಿಡಿದು ಮೀನಿಗೆ ಹೋಗುವ ಮಾರ್ಗವು ಅವರಿಗೆ ಸಹಜವಾದುದಲ್ಲ. ಆ ಮಾರ್ಗವನ್ನು ಹಿಡಿಯಬೇಕಾದವರು ನಾವು. ಮಾನಸೋಲ್ಲಾಸದ ಪಾಕವನ್ನೂ ಗೀತವನ್ನೂ ಕುರಿತು ನಮ್ಮವರು ಬರೆದಷ್ಟು ಮೀನನ್ನು ಕುರಿತು ಬರೆದಿಲ್ಲ. ಅದಕ್ಕೆ ಕಾರಣವು ವಿಷಯದ ಅಲ್ಪತ್ವವಲ್ಲ, ಬರೆಯುವವರ ಮನೆಯ ಅಡಿಗೆಯಿರಬಹುದು.

ನೀರಾವರಿಯ ಶಾಸನಗಳಿಗೆ ಬರುವಾಗ ನಮ್ಮ ನಾಡಿನ ಅಭಿಮಾನವು ಉಕ್ಕುವುದು ಸಹಜ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬೇಡವಾದ ಆರು ದೋಷಗಳನ್ನೂ ಎಣಿಸುತ್ತದೆ. ಗಟ್ಟಿನೆಲ, ಸಿಹಿನೀರಿನ ಹೊಳೆ, ಬೆಟ್ಟಗಳ ನಡುವಣ ಕಟ್ಟೆ, ಕಲ್ಲಿನ ಗಣಿ ಎಲ್ಲವೂ ಅಲ್ಲಿವೆ. 1388ರ ಗೌರಿಬಿದನೂರು ಸೀಮೆಯ ಶಾಸನವು ಪೆನ್ನೆಯ ನೀರನ್ನು ಪೆನುಕೊಂಡೆಯ ಕಡೆಗೆ ತಂದ ಜಲಸೂತ್ರದ ಸಿಂಗಾಯಭಟ್ಟನನ್ನು ಹೊಗಳುತ್ತದೆ. ಎರಡರಲ್ಲಿಯೂ ನೀರು ಭೂಮಿಗೆ ಹೋಗತಕ್ಕ ವಸ್ತು. ನೀರಿನೊಳಗೆ ಯಾರೂ ವಾಸಿಸುವುದಿಲ್ಲ. ದಾನಶಾಸನಗಳ ಅಷ್ಟಭೋಗಗಳಲ್ಲಿ ನಿಧಿ ನಿಕ್ಷೇಪಗಳ ಜೊತೆಗೆ ‘ಜಲ’ವೆಂಬುದೊಂದು ಬರುತ್ತದಷ್ಟೆ. ಹೊಳೆಯ ಮೀನು ಆ ಎರಡಕ್ಷರದಲ್ಲಿ ಮುಳುಗಿದೆಯೆಂದು ತಿಳಿಯಬೇಕು. ದಾನ ಪಡೆದವನ ಭೋಗವಾಗಿ ಅದು ಉಂಟು, ಪ್ರಾಣಿಯಾಗಿ ಇಲ್ಲ.

ಆದರೆ ಇಲ್ಲಿ ಒಂದು ನ್ಯಾಯವನ್ನು ಹೇಳದೆ ಮುಂದೆ ಹೋಗಲಾಗದು. ಶಾಸನದಲ್ಲಿ ಮೀನನ್ನು ಮರೆತ ಆ ಕಾಲದವರು ಕಟ್ಟಿದ ಅಣೆಯು ಮೀನನ್ನು ಮರೆತಿರಲಿಲ್ಲ. ವಿಜಯನಗರದ ಅಡ್ಡಗಟ್ಟೆಗಳು ಹೊಳೆಯಲ್ಲಿ ಮೊದಲೇ ಇದ್ದ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಆಶ್ರಯಿಸಿ, ಒರಟು ಕಲ್ಲುಗಳನ್ನು ಪೇರಿಸಿ, ಪ್ರವಾಹಕ್ಕೆ ಓರೆಯಾಗಿ ಕಟ್ಟಿದವು. ಎತ್ತರ ಕಡಮೆ, ಕಲ್ಲಿನ ಸಂದುಗಳಿಂದ ನೀರು ಸದಾ ಜಿನುಗುತ್ತಿತ್ತು. ಬೇಸಗೆಯಲ್ಲಿ ಉಳಿದ ನೀರನ್ನು ಕಾಲುವೆಗೆ ತಿರುಗಿಸುವುದು ಅವುಗಳ ಕೆಲಸ. ಮುಂಗಾರಿನ ನೆರೆಗೆ ಅವು ಆಳವಾಗಿ ಮುಳುಗಿ, ಹೊಳೆಯು ಕಟ್ಟೆಯೇ ಇಲ್ಲವೆಂಬಂತೆ ಹರಿಯುತ್ತಿತ್ತು. ಮೀನು ಹತ್ತುವುದು ಆ ನೆರೆಯಲ್ಲಿಯೇ. ಕಟ್ಟೆಯು ನೀರನ್ನು ತಡೆಯುವ ಕಾಲಕ್ಕೂ ಮೀನು ಏರುವ ಕಾಲಕ್ಕೂ ಹೀಗೆ ವಿರೋಧವೇ ಬೀಳಲಿಲ್ಲ. ಇದು ಬುದ್ಧಿಪೂರ್ವಕವಾದ ದಯೆಯೆಂದು ನಾವು ಹೇಳುವುದಿಲ್ಲ. ಸುರ್ಕಿ ಸುಣ್ಣದ ಬಲಕ್ಕಿಂತ ಹೊಳೆಯ ಬಲವು ಹೆಚ್ಚೆಂದು ಒಪ್ಪಿಕೊಂಡವರ ಕಟ್ಟಡವು ಹಾಗಲ್ಲದೆ ಬೇರೆ ರೀತಿಯಲ್ಲಿರಲು ಸಾಧ್ಯವಿರಲಿಲ್ಲ. ಅಣೆಯ ಕೆಳಗಡೆ ನೀರು ಧುಮುಕಿ ಕೊರೆದ ಮಡುಗಳು ಬೇಸಗೆಯಲ್ಲಿ ಮೀನಿಗೆ ಆಶ್ರಯವಾಗುವುದೂ, ಹರಗೋಲಿನವರು ಬೀಸುಬಲೆಯೊಡನೆ ಅಲ್ಲಿ ನೆರೆಯುವುದೂ ಇಂಥ ಕಟ್ಟೆಗಳ ಸ್ವಭಾವ.

ಈಗ ಹೊಸಪೇಟೆಯ ಬಳಿ ಮಲ್ಲಾಪುರದ ಅಣೆಕಟ್ಟನ್ನು ನೋಡೋಣ. ಬಳ್ಳಾರಿ ಸೀಮೆಯು ಬರಗಾಲಕ್ಕೆ ಹೆಸರಾದುದು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876–78ರಲ್ಲಿ, ಇಲ್ಲಿ ಸತ್ತವರ ಲೆಕ್ಕವನ್ನು ಓದಿದವರಾರೂ ತುಂಗಭದ್ರೆಯನ್ನು ಕಟ್ಟಬಾರದಿತ್ತೆಂದು ಹಗುರವಾಗಿ ಹೇಳಲಾರರು. ಸಿರುಗುಪ್ಪದ ಬಯಲು ಇಂದು ಭತ್ತದ ಕಣಜವೆನಿಸಿದೆ. ಆದುದರಿಂದ ಅಣೆಕಟ್ಟು ಬೇಕಿತ್ತೆ ಬೇಡವಾಗಿತ್ತೆ ಎಂಬ ವಾದವನ್ನು ನಾವು ಹೂಡುವುದಿಲ್ಲ. ನಮ್ಮ ವಿಮರ್ಶೆಯು ಆ ಕಾರ್ಯದ ಹಿಂದಿನ ಬರೆವಣಿಗೆಯನ್ನು ಕುರಿತುದು: ಯಾವುದನ್ನು ಮೊದಲೇ ವಿಚಾರಿಸಿ ಬರೆದಿಟ್ಟರು, ಯಾವುದನ್ನು ಅನಂತರ ನೆನೆಸಿಕೊಂಡರು?

ಸಿರುಗುಪ್ಪದಲ್ಲಿ ಕೃಷಿಸಂಶೋಧನ ಕೇಂದ್ರವು ಸ್ಥಾಪಿತವಾದುದು 1937ರಲ್ಲಿ. ಮುಂದೆ ಬರಲಿರುವ ಕಾಲುವೆಯ ನೀರನ್ನು ಕರಿಯ ಎರೆಭೂಮಿಯು ತಾಳೀತೆ, ಯಾವ ಬೆಳೆಯು ಹೊಂದೀತು ಎಂಬುದನ್ನು ಪರೀಕ್ಷಿಸುವುದು ಅದಕ್ಕೆ ಒಪ್ಪಿಸಿದ ಕೆಲಸ. ಅಣೆಕಟ್ಟಿಗೆ ಅಸ್ತಿಭಾರವನ್ನಿಟ್ಟುದು 1945ರ ಫೆಬ್ರವರಿ 28ರಂದು. ಎಂದರೆ ಭೂಮಿಯನ್ನು ಕುರಿತ ವಿಚಾರಣೆಯು ಅಸ್ತಿಭಾರಕ್ಕೆ ಎಂಟು ವರ್ಷಗಳ ಹಿಂದೆಯೇ ಮೊದಲಾಗಿತ್ತು. ತುಂಗಭದ್ರೆಯ ಮತ್ಸ್ಯಸಂಪತ್ತನ್ನು ಕುರಿತು ಚಾಕೊ ಮತ್ತು ಕುರಿಯನ್ ಎಂಬ ವಿದ್ವಾಂಸರ ಪರಿಶೀಲನೆಯು ಪ್ರಕಟವಾದುದು 1948ರಲ್ಲಿ. ಆ ಹೊತ್ತಿಗೆ ಅಸ್ತಿಭಾರವನ್ನಿಟ್ಟು ಮೂರು ವರ್ಷವಾಗಿತ್ತು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು. ಎರೆಭೂಮಿಯು ನೀರಿಗೆ ಏನೆಂದೀತೆಂದು ಕೇಳಿದವರು ಮೀನು ಕಟ್ಟೆಗೆ ಏನೆಂದೀತೆಂದು ಕೇಳಿದುದು ಉತ್ತರವು ಕಲ್ಲಿನಲ್ಲಿ ಏಳುತ್ತಿರುವಾಗ. ಇಷ್ಟು ತಡವಾಗುವುದಕ್ಕೆ ತಿಳಿವಳಿಕೆಯ ಅಭಾವವು ಕಾರಣವೆನ್ನುವಂತಿಲ್ಲ. ಫ್ರಾನ್ಸಿಸ್ ಡೇ ಎಂಬಾತನು 1873ರ ತನ್ನ ವರದಿಯಲ್ಲಿಯೇ ಅಡ್ಡಗಟ್ಟೆಗಳು ಮೀನಿನ ಏರಿಕೆಯನ್ನು ತಡೆಯುತ್ತಿರುವುದನ್ನು ಸರಕಾರದ ಮುಂದಿಟ್ಟಿದ್ದನು. ಕಾವೇರಿಗೆ ಮೆಟ್ಟೂರಿನಲ್ಲಿ 1934ರಲ್ಲಿ ಅಣೆಕಟ್ಟಾದ ಮೇಲೆ ಸಮುದ್ರದಿಂದ ಏರಿ ಬರುತ್ತಿದ್ದ ಉಲ್ಲಮೀನು, ಬಂಗಾಳದವರ ಹಿಲ್ಸಾ, ಆ ನದಿಯಲ್ಲಿ ಕ್ಷೀಣಿಸಿದುದು ಮದರಾಸಿನ ಮತ್ಸ್ಯಾಧಿಕಾರಿಗಳಿಗೆ ಗೊತ್ತಿದ್ದ ಸಂಗತಿ.

ಸುಮಾರು 49 ಮೀಟರು ಎತ್ತರದ ಕಟ್ಟೆಯನ್ನು ಯಾವ ಮೀನೂ ಏರಲಾರದೆಂಬುದು ಸ್ಪಷ್ಟ. ಇದಕ್ಕಿಂತ ಸೂಕ್ಷ್ಮವಾದ ಕೆಡುಕೊಂದು ಕೆಳಗಣ ಹೊಳೆಗೆ ತಟ್ಟಿತು. ಮುಂಗಾರಿನ ಮೊದಲ ಪ್ರವಾಹವನ್ನೆಲ್ಲ ಜಲಾಶಯವು ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದು ತುಂಬಿದ ಬಳಿಕ ಮೂವತ್ತಮೂರು ಬಾಗಿಲುಗಳಲ್ಲಿ ಎಷ್ಟನ್ನು ತೆರೆಯುವರೋ ಅಷ್ಟು ನೀರು ಕಂಪ್ಲಿಗೂ ಕೆಂಚನಗುಡ್ಡಕ್ಕೂ ಒಮ್ಮೆಲೆ ನುಗ್ಗುತ್ತದೆ. ಬಾಗಿಲು ಮುಚ್ಚಿದರೆ ಒಮ್ಮೆಲೆ ಇಳಿಯುತ್ತದೆ. ಮೊಟ್ಟೆಯಿಡುವ ಮೀನಿಗೆ ಬೇಕಾದುದು ಮೆಲ್ಲನೆ ಏರಿ ಕೆಲವು ದಿನ ನಿಲ್ಲತಕ್ಕ ನೀರು. ಸೂಚನೆ ಕೊಡುವ ಹೊಸನೀರು ಬರುವುದಿಲ್ಲ. ಬಂದಾಗ ಅದು ನಿಲ್ಲುವುದಿಲ್ಲ. ಹೂಳಿನ ಕಥೆಯೂ ಇದರೊಡನೆ ಸೇರಿದೆ. ಆದಿಯಲ್ಲಿ ಸುಮಾರು 133 ಟಿ.ಎಂ.ಸಿ. ಅಡಿಯೆಂದು ಎಣಿಸಿದ ಸಂಗ್ರಹವು ಈಗ 105ರ ಆಸುಪಾಸಿಗೆ ಇಳಿದಿದೆ. ಕೆಳಗಣ ಪಾತ್ರದ ಮರಳನ್ನೂ ನುರುಜನ್ನೂ ತುಂಬಬೇಕಾಗಿದ್ದ ಮಣ್ಣು ಮೇಲೆಯೇ ಉಳಿಯಿತು. ಬೇಸಗೆಯಲ್ಲಿ ಹೊಳೆಗೆ ಬರುವ ನೀರಿನಲ್ಲಿ ಭತ್ತದ ಗದ್ದೆಗಳ ಬಸಿನೀರಿನ ಪಾಲು ದೊಡ್ಡದು. ಗೊಬ್ಬರ, ಕೀಟನಾಶಕಗಳ ಅಂಶವು ಅದರೊಡನೆ ಬರುತ್ತದೆ. ಕೆಳಗಡೆ ರಾಜೋಳಿಬಂಡೆಯ ಕಟ್ಟೆ, ಅದರಾಚೆ ಸುಂಕೇಶುಲದ ಕಟ್ಟೆ. ಕೆಂಚನಗುಡ್ಡದ ಮೀನು ಹೀಗೆ ಮೇಲೆ ಗೋಡೆ ಕೆಳಗೆ ಹೊಸಿಲುಗಳಿರುವ ಒಂದು ಕೋಣೆಯಲ್ಲಿ ಸಿಕ್ಕಿದೆ. ಪುಣ್ಯಕ್ಕೆ ಆ ಕೋಣೆಯು ಉದ್ದವಾಗಿದೆ.

ಮೀನಿನ ಹೆಸರಿನ ಕಥೆಗೆ ಮತ್ತೆ ಬರೋಣ. ಏತಕ್ಕೆಂದರೆ ನೀರಿನಲ್ಲಿ ನಡೆದುದರ ನೆರಳು ಅಲ್ಲಿ ಬಹಳ ಸ್ಪಷ್ಟವಾಗಿ ಬಿದ್ದಿದೆ. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿಯು ಕೃಷ್ಣೆಯ ಉಪನದಿಯಾದ ಭೀಮೆಯ ಸೀಮೆಯಲ್ಲಿ ಮೀನುಗಳನ್ನು ಪರಿಶೀಲಿಸಿ 1839ರಿಂದ ಮುಂದೆ ಅವುಗಳ ವಿವರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಆತನು ಮರಾಠಿ ಬೆಸ್ತರು ಹೇಳಿದ ಹೆಸರುಗಳನ್ನೇ ಶಾಸ್ತ್ರೀಯ ನಾಮಗಳಾಗಿ ಹಿಡಿದನು. ಖುದ್ರೀ, ಮುಸುಳ್ಳಾ, ಕೋಲಸ್, ಪೋತೈಲ್, ಬೊಗ್ಗುಟ್ ಎಂಬವು ಇಂದಿಗೂ ಪ್ರಾಣಿಶಾಸ್ತ್ರದಲ್ಲಿ ನಿಂತಿರುವುವು. ಇವುಗಳಲ್ಲಿ ಹಲವು ತುಂಗಭದ್ರೆಯ ಮೀನುಗಳೂ ಹೌದು. ಬುಕಾನನ್ ಹ್ಯಾಮಿಲ್ಟನ್ನನು 1800–01ರಲ್ಲಿ ನಮ್ಮ ಮೈಸೂರು ಸೀಮೆಯನ್ನು ಊರೂರಾಗಿ ಸುತ್ತಿ, ಬೆಳೆ, ಕುಲ, ಕಸಬುಗಳನ್ನು ಬರೆದುಕೊಂಡವನು. ಆದರೆ ಆತನು ಮೀನಿನ ಗ್ರಂಥವನ್ನು ಬರೆದುದು ಗಂಗಾನದಿಯನ್ನು ಕುರಿತು, 1822ರಲ್ಲಿ. ರೋಹಿತ, ಕಾಟ್ಲಾ, ಮೃಗಾಲ ಎಂಬ ಆ ಕಡೆಯ ಹೆಸರುಗಳು ಆತನಿಂದ ಶಾಸ್ತ್ರಕ್ಕೆ ಸೇರಿದುವು. ತುಂಗಭದ್ರಾ ಜಲಾಶಯದಲ್ಲಿ ನಿಂತ ನೀರಿಗೆ ಹೊಂದುವ ಮೀನು ಬೇಕೆಂದು ತಂದು ಬಿಟ್ಟ ಮರಿಗಳು ಇವೇ. ಮರಿಯೊಡನೆ ಹೆಸರೂ ಬಂದಿತು. ಸಿರುಗುಪ್ಪದ ಸಂತೆಯಲ್ಲಿ ಇಂದು ಕಾಟ್ಲಾ, ರೋಹು ಎಂದು ಕೇಳಿದರೆ ಯಾರೂ ಅರ್ಥವನ್ನು ಕೇಳುವುದಿಲ್ಲ. ಭೀಮೆಯ ಮೀನುಗಾರನ ಮಾತು ಲ್ಯಾಟಿನ್ ಗ್ರಂಥಗಳಲ್ಲಿ ಉಳಿಯಿತು, ಗಂಗೆಯ ಮೀನುಗಾರನ ಮಾತು ನಮ್ಮ ಜಲಾಶಯಕ್ಕೆ ಇಳಿಯಿತು. ತುಂಗಭದ್ರೆಯ ಹರಗೋಲಿನವನ ಮಾತು ಮಾತ್ರ ಆತನ ಬಾಯಲ್ಲಿಯೇ ಉಳಿದಿದೆ. ಆ ಬಾಯಿಗೂ ಮುಪ್ಪು ಬರುತ್ತಿದೆ.

ಹರಗಿಯನ್ನು ನೋಡಿ. ಶಾಸ್ತ್ರಜ್ಞರು ಪುಲ್ಕೆಲ್ಲಸ್ ಎಂದು ಕರೆಯುವ ಈ ಮೀನಿಗೆ 1870ರಲ್ಲಿ ಆ ಹೆಸರನ್ನಿಟ್ಟವನು ಮೇಲೆ ಹೇಳಿದ ಡೇ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಚೆಲುವಾದುದು’ ಎಂದು. ಚೆಲುವು ಸರಿಯೆ, ಆದರೆ ಆ ಹೆಸರಿನಿಂದ ಮೀನಿನ ನಡತೆಯು ತಿಳಿಯದು. ಕನ್ನಡದ ಹೆಸರಿನಿಂದ ತಿಳಿಯುವಂತೆ ತೋರುತ್ತದೆ. ಹರಗಿಯು ನೀರೊಳಗಣ ಸಸ್ಯವನ್ನೂ ಮುಳುಗಿದ ಹುಲ್ಲನ್ನೂ ಮೇಯುವ ಮೀನು. ಬಳ್ಳಾರಿ, ರಾಯಚೂರು, ಧಾರವಾಡಗಳ ಒಕ್ಕಲಿಗನು ಕುಂಟೆ ಹೊಡೆದು ಕಸವನ್ನು ಕೀಳುವುದಕ್ಕೆ ‘ಹರಗುವುದು’ ಎನ್ನುತ್ತಾನೆ. ಈ ಧಾತುವಿಗೂ ಆ ಹೆಸರಿಗೂ ಸಂಬಂಧವಿದೆಯೆಂಬುದು ನಮ್ಮ ಊಹೆ; ಶಬ್ದಶಾಸ್ತ್ರಜ್ಞರು ಇದನ್ನು ಪರೀಕ್ಷಿಸಬೇಕು. ಹೊಲದ ಮಾತೊಂದು ಹೊಳೆಗೆ ಇಳಿದು ಮೀನಿಗೆ ಹೆಸರಾದುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆಯು ದೊರೆಯದು. ಜಲಾಶಯವಾದ ಮೊದಲ ದಶಕಗಳಲ್ಲಿ ಡೇವಿಡ್ ಮತ್ತು ರಹಮಾನ್ ಅವರು ತುಂಗಭದ್ರೆಯ ಹರಗಿಯ ಆಹಾರವನ್ನೂ ಸಂತಾನಕ್ರಮವನ್ನೂ ಪರಿಶೀಲಿಸಿ, ಇದನ್ನು ಕೆರೆಗಳಲ್ಲಿ ಸಾಕಬಹುದೆಂದು 1975ರಲ್ಲಿ ಬರೆದರು. ಇಂದು ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅತ್ಯಂತ ವಿಪತ್ತಿಗೆ ಸಿಕ್ಕಿದ ಪ್ರಾಣಿಗಳ ವರ್ಗದಲ್ಲಿದೆ. ಹೆಸರಘಟ್ಟದ ಮತ್ಸ್ಯಕೇಂದ್ರದಲ್ಲಿ ಅದನ್ನು ಕೊಳದಲ್ಲಿ ಮರಿಮಾಡಿಸುವ ಪ್ರಯತ್ನವು ಸಫಲವಾಗಿರುವುದು ಸಂತೋಷದ ವಿಷಯ. ನಮ್ಮ ಕೋಶವು ಹರಗಿಗೆ ಅರ್ಥವನ್ನು ಕೊಡುವ ದಿನ ಬಂದಾಗ ‘ಒಂದು ಜಾತಿಯ ಮೀನು’ ಎಂದು ಬರೆದರೆ, ಹೆಸರಘಟ್ಟದವರು ಉಳಿಸಿದುದನ್ನು ನಾವು ಕಳೆದಂತಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಪದವನ್ನು ಬರೆದಿಟ್ಟರೆ ಮೀನು ಉಳಿಯುವುದೆ? ಉಳಿಯದು. ಆದರೆ ಯಾವುದನ್ನು ಉಳಿಸಬೇಕೆಂಬ ತೀರ್ಮಾನವು ಪದವನ್ನು ಅವಲಂಬಿಸಿದೆಯೆಂಬುದಕ್ಕೆ ನಿದರ್ಶನವುಂಟು. 2015ರಲ್ಲಿ ತುಂಗಭದ್ರೆಯ ಸುಮಾರು 34 ಕಿಲೋಮೀಟರು ಪಾತ್ರವನ್ನು, ಅಣೆಕಟ್ಟಿನ ಕೆಳಗಣ ಮುದ್ಲಾಪುರದಿಂದ ಕಂಪ್ಲಿಯವರೆಗೆ, ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರಕಾರವು ಘೋಷಿಸಿತು. ನೀರುನಾಯಿಗೆ ಎಲ್ಲರೂ ಬಲ್ಲ ಹೆಸರಿದೆ. ಅದರ ಹೊಟ್ಟೆಗೆ ಹೋಗುವ ಮೀನು ಆ ಹೆಸರಿನ ನೆರಳಿನಲ್ಲಿ ಬದುಕಿತು. ಆ ನೆರಳು ಕಂಪ್ಲಿಯ ಸೇತುವೆಗೆ ಮುಗಿಯುತ್ತದೆ. ಕೆಂಚನಗುಡ್ಡವು ಅದರ ಆಚೆಗಿದೆ. ಇದೇ ವರ್ಷಗಳಲ್ಲಿ ವಿಜಯನಗರದ ಹಳೆಯ ಕಾಲುವೆಗಳನ್ನು ಏಷ್ಯ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ನವೀಕರಿಸುವ ಕೆಲಸವು ನಡೆದಿದೆ. ಜಿನುಗುವ ನೀರನ್ನು ನಿಲ್ಲಿಸುವುದು ನವೀಕರಣದ ಗುಣವೆಂದು ಎಣಿಸಲ್ಪಡುತ್ತದೆ. ಅಣೆಯ ಸಂದಿನಿಂದ ಜಿನುಗುವ ನೀರು ಕೆಳಗಣ ಮಡುವನ್ನು ಬೇಸಗೆಯಲ್ಲಿ ಹಿಡಿದಿಟ್ಟಿತ್ತೆಂಬುದನ್ನು ಅಂದಾಜುಪಟ್ಟಿಯಲ್ಲಿ ಬರೆಯಬೇಕಾದರೆ ‘ಮಡು’ ಎಂಬ ಪದಕ್ಕೆ ಒಂದು ಕಲಮು ಬೇಕು. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ ಎಷ್ಟು ನೀರು ಹರಿದುಹೋಯಿತು, ಎಷ್ಟು ಬೆಳೆಗೆ ಕುಂದೆಂಬ ಲೆಕ್ಕವನ್ನು ನಾಡೆಲ್ಲ ಓದಿತು. ಆ ನೀರಿನಲ್ಲಿ ಕೆಳಗಣ ಮೀನಿಗೆ ಒದಗಿದುದು ಕೇಡೋ ಲಾಭವೋ ಎಂದು ಕೇಳುವ ಮಾತು ಆ ಲೆಕ್ಕದಲ್ಲಿ ಇರಲಿಲ್ಲ.

ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಈ ಹೊಳೆಗೆ ಹತ್ತಿರವಾಗಿಯೇ ಇದೆ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿಯೇ ಬೇಸಾಯದ ವೃತ್ತಿಪದಕೋಶವನ್ನು ಹೊರತಂದು, ಕಸಬಿನ ಮಾತನ್ನು ಕಸಬಿನವರಿಂದಲೇ ಕೇಳಿ ಬರೆಯುವ ಕ್ರಮವನ್ನು ಹಾಕಿಕೊಟ್ಟರು. ಮಾನಸೋಲ್ಲಾಸದ ಮೂವತ್ತು ಚಿಲ್ಲರೆ ಹೆಸರುಗಳನ್ನು ಕಂಪ್ಲಿ, ಸಿರುಗುಪ್ಪ, ಕೆಂಚನಗುಡ್ಡಗಳ ಹರಗೋಲಿನವರ ಮುಂದೆ ಓದಿ ಹೇಳಬೇಕು. ಯಾವ ಹೆಸರಿಗೆ ಮುದುಕರು ತಲೆಯೆತ್ತುವರೆಂಬುದನ್ನು ಗುರುತಿಸಿಕೊಳ್ಳಬೇಕು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಟೀಕೆಯು ದೊರೆಯದು. ಬಳಿಕ ಕೋಶದಲ್ಲಿ ಮೀನಿನ ಪ್ರತಿಯೊಂದು ಹೆಸರಿಗೂ ಇಂಥ ಒಂದು ಉಲ್ಲೇಖವಿರಬೇಕು:

ಹರಗಿ. ನಾಮಪದ. ತುಂಗಭದ್ರೆಯೇ ಮೊದಲಾದ ಹೊಳೆಗಳ ಶಲ್ಕವುಳ್ಳ ದೊಡ್ಡ ಮೀನು, ಗೆಂಡೆಯ ಕುಲದ್ದು. ನೀರೊಳಗಣ ಹುಲ್ಲನ್ನೂ ಸಸ್ಯವನ್ನೂ ಮೇಯುವುದು. ಶಾಸ್ತ್ರನಾಮ ಪುಲ್ಕೆಲ್ಲಸ್. ಹೋಲಿಸಿ: ಹರಗು, ಕುಂಟೆಯಿಂದ ಹೊಲದ ಕಸವನ್ನು ಕೀಳು. ಮೊಟ್ಟೆಯಿಡುವ ಕಾಲ: ಹೇಳಿದವರ ಊರು, ವಯಸ್ಸು ಸಹಿತ ಬರೆಯತಕ್ಕದ್ದು. ಹಿಡಿಯುವ ಬಲೆ: ಅದೇ ರೀತಿ. ಕಡೆಯ ಬಾರಿ ಕಂಡ ವರ್ಷ: ಅದೇ ರೀತಿ.